ಒಂದು ಮೊಳ ಒಳಗಿನ ನೀರು

ಮೊನ್ನೆ ಇಸ್ತ್ರಿ ಅಂಗಡಿಯವನು ನನ್ನ ಬಿಳಿ ಅಂಗಿಯನ್ನು ಮಡಚುವ ಮೊದಲು ಅದರ ಜೇಬನ್ನು ಬೆಳಕಿಗೆ ಹಿಡಿದು ನೋಡಿದ. ಆಮೇಲೆ ದನಿ ತಗ್ಗಿಸಿ ಕೇಳಿದ:

"ಮಾಸ್ತರ್, ಇದು ರಕ್ತ ಏನ್ರಿ?"

"ಅಲ್ಲಪಾ. ನೀರು ಪರೀಕ್ಷಾ ಮಾಡೂ ಔಷಧ."

"ಯಾಕ್ರಿ, ನೀರಿಗಿ ಏನಾಗ್ಯಾದ?"

ಈ ಪ್ರಶ್ನೆಗೆ ಒಂದೇ ಮಾತಿನ ಉತ್ತರ ನನ್ನಲ್ಲಿರಲಿಲ್ಲ. ನಾನು ಯಾವುದಕ್ಕೂ ಒಂದೇ ಮಾತಿನ ಉತ್ತರ ಕೊಡುವವನಲ್ಲ ಎಂಬುದು ಬೀದರಿನಲ್ಲಿ ನನ್ನನ್ನು ಬಲ್ಲವರಿಗೆಲ್ಲ ಗೊತ್ತು. ನನ್ನ ಬೆನ್ನ ಹಿಂದೆ ಬಟ್ಟೆಯ ಗಂಟು ಹಿಡಿದು ಜನ ನಿಂತಿದ್ದರು, ಇಸ್ತ್ರಿ ಪೆಟ್ಟಿಗೆಯ ಕೆಂಡ ಆರುತ್ತಿತ್ತು. ಸುಮ್ಮನೆ ಅಂಗಿ ತೆಗೆದುಕೊಂಡು ಬಂದೆ. ನಿಮ್ಮ ಹಿಂದೆ ಯಾರೂ ಗಂಟು ಹಿಡಿದು ನಿಂತಿಲ್ಲವೆಂದು ನಂಬಿ ಪೂರ್ತಿ ಹೇಳುತ್ತೇನೆ.

ಮೊದಲು ಕಲೆಯ ವಿಷಯ. ಇದು ಒಂದೇ ಬಣ್ಣದಲ್ಲಿ ನಿಲ್ಲುವ ಕಲೆಯಲ್ಲ. ಸಾಬೂನು ಹಚ್ಚಿದರೆ ಕೆಂಪಾಗುತ್ತದೆ, ನಿಂಬೆಹಣ್ಣು ತಿಕ್ಕಿದರೆ ಹಳದಿಯಾಗುತ್ತದೆ. ಅರಿಶಿನದ ಕಲೆಗೆ ಸಾಬೂನು ತಾಕಿಸಿ ಬೆಚ್ಚಿಬಿದ್ದವರಿಗೆ ಇದು ಹೊಸದಲ್ಲ. ಅರಿಶಿನದ ನೀರಿಗೆ ಸುಣ್ಣ ಬೆರೆಸಿದರೆ ಆರತಿ ತಟ್ಟೆಯ ಓಕುಳಿ ಕೆಂಪಾಗುವುದೂ ಇದೇ ಲೆಕ್ಕ. ನಮ್ಮದು ಚರ್ಚಿಗೆ ಹೋಗುವ ಮನೆತನ. ಆರತಿ ನಮ್ಮಲ್ಲಿರಲಿಲ್ಲ. ಆದರೆ ನಮ್ಮ ಹಳ್ಳಿ ಎಕಂಬಾದ ಓಣಿಯಲ್ಲಿ ಯಾರ ಮನೆಗೆ ಸೊಸೆ ಬಂದರೂ ಆ ಕೆಂಪು ನೀರನ್ನು ನಮ್ಮ ಬಾಗಿಲ ಮುಂದೆಯೇ ಚೆಲ್ಲುತ್ತಿದ್ದರು. ಹಳದಿ ಪುಡಿಯಿಂದ ಕೆಂಪು ನೀರು ಹೇಗೆ ಬಂತೆಂದು ನಾನು ಮಧ್ಯಾಹ್ನವಿಡೀ ಅದರ ಪಕ್ಕ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದೆ. ಮುಂದೆ ಡ್ರಾಯಿಂಗ್ ಮಾಸ್ತರನಾದದ್ದಕ್ಕೆ ಅದೇ ಕಾರಣವಿರಬಹುದು. ಬೇರೆ ವಿಷಯಗಳಲ್ಲಿ ಅಂಕ ಬರಲಿಲ್ಲ ಎಂಬ ಕಾರಣವೂ ಉಂಟು.

ಔರಾದಿನ ಸಾಲೆಯಲ್ಲಿ ಚಿತ್ರ ಕಲಿಸಿ ನಿವೃತ್ತನಾದ ನನ್ನ ಜೇಬಿಗೆ ಈ ಔಷಧ ಬಂದದ್ದು ಅಳಿಯನಿಂದ.

ಅಳಿಯ ಅನಿಲನಿಗೆ ಬೀದರಿನ ಹತ್ತಿರದ ಕೊಳಾರದಲ್ಲಿ ಪ್ಲಾಸ್ಟಿಕ್ ಪೈಪುಗಳ ಗೋದಾಮು ಇದೆ. ಪೈಪು ಮಾರುವವರಿಗೆ ನೀರನ್ನು ಎಲ್ಲಿಂದ ಎಲ್ಲಿಗಾದರೂ ಒಯ್ಯಬಹುದೆಂಬ ನಂಬಿಕೆ ಬಂದುಬಿಡುತ್ತದೆ. ಜನವಾಡದ ರಸ್ತೆಯಲ್ಲಿ ಮನೆ ಕಟ್ಟಿಸುವಾಗ ಅವನು ಹಿತ್ತಲಿನ ಕೆಂಪುಕಲ್ಲು ತೋಡಿಸಿ ಈಜುಕೊಳ ಮಾಡಿಸಿದ. ನಮ್ಮ ಕಡೆ ನೀರಿನ ತೊಟ್ಟಿಗೆ 'ಹೌದು' ಎನ್ನುತ್ತಾರೆ. ಪಕ್ಕದ ಹೊಲದ ಮುದುಕರೊಬ್ಬರು ಬೇಲಿಯಾಚೆಯಿಂದ ಬಹಳ ಹೊತ್ತು ನೋಡಿ ಕೇಳಿದರಂತೆ, "ಇದು ಹೌದೇನಪಾ?" ಅನಿಲ ಅಂದನಂತೆ, "ಹೌದ್ರಿ." ಮುದುಕರು ತಲೆಯಾಡಿಸಿ ಹೋದರು. ದನಗಳಿಗೆ ಕುಡಿಸಲು ಇಷ್ಟು ನೀಲಿ ಟೈಲ್ಸ್ ಯಾಕೆಂದು ಅವರಿಗೆ ಇಂದಿಗೂ ತಿಳಿದಿರಲಾರದು.

ಮೊದಲ ಬೇಸಿಗೆಯಲ್ಲಿ ಮೊಮ್ಮಕ್ಕಳು ಕುಣಿದರು. ಎರಡನೆಯ ಬೇಸಿಗೆಗೆ ಅವರಿಗೆ ಬೇಸರವಾಯಿತು, ಕಪ್ಪೆಗಳು ಬಂದವು. ನೀರು ಪಾಲಕದ ಸಾರಿನ ಬಣ್ಣಕ್ಕೆ ತಿರುಗಿತು. ಅದು ಹಾಗೆಯೇ ಇರುತ್ತಿತ್ತೋ ಏನೋ, ನಮ್ಮ ಅಕ್ಕ ಬೀಳದೆ ಇದ್ದಿದ್ದರೆ.

ಅಕ್ಕನ ಹೆಸರು ಮಾರ್ಥಾ. ಭಾಲ್ಕಿಯ ದವಾಖಾನೆಯೊಂದರಲ್ಲಿ ನರ್ಸ್ ಆಗಿದ್ದವಳು. ಆ ಊರಿನ ಅರ್ಧ ಜನಕ್ಕೆ ಅವಳ ಸೂಜಿಯ ಪರಿಚಯವಿದೆ. ಯಾಕೆ ಮದುವೆಯಾಗಲಿಲ್ಲವೆಂದು ಕೇಳಿದವರಿಗೆ "ಡ್ಯೂಟಿ ಇತ್ತು" ಎಂದು ಹೇಳಿ ಮಾತು ಮುಗಿಸುತ್ತಾಳೆ. ತಾನೇ ದುಡಿದು ಭಾಲ್ಕಿಯಲ್ಲಿ ಪುಟ್ಟ ಮನೆ ಮಾಡಿಕೊಂಡಿದ್ದಾಳೆ. ಮನೆಯ ಮುಂದೆ ಎತ್ತರದ ಕಲ್ಲುಕಟ್ಟೆ. ಸಂಜೆ ಅಲ್ಲಿ ಕೂತರೆ ಬೀದಿಯಲ್ಲಿ ಹೋಗುವವರ ನಡಿಗೆ ನೋಡಿಯೇ ಯಾರಿಗೆ ಸೊಂಟನೋವು, ಯಾರಿಗೆ ಮೊಣಕಾಲುನೋವು ಎಂದು ಹೇಳಿಬಿಡುತ್ತಾಳೆ.

ಈಗ ಬಿದ್ದ ಸಂಗತಿ. ಇದಕ್ಕೆ ಮನೆಯವರ ಪೈಕಿ ನಾನೊಬ್ಬನೇ ಸಾಕ್ಷಿಯಾದ್ದರಿಂದ ನಿಧಾನವಾಗಿ ಹೇಳುತ್ತೇನೆ.

ಕಳೆದ ಚಳಿಗಾಲದಲ್ಲಿ ನಮ್ಮಲ್ಲಿಗೆ ಬಂದಿದ್ದವಳನ್ನು ಭಾಲ್ಕಿಗೆ ಬಿಡಲು ಬಸ್ಸಿನಲ್ಲಿ ಕರೆದುಕೊಂಡು ಹೋಗಿದ್ದೆ. ಬಸ್ಸು ನಿಲ್ದಾಣದಲ್ಲಿ ನಿಂತಿತು. ನಿಂತಿತ್ತು ಎಂಬುದನ್ನು ಒತ್ತಿ ಹೇಳುತ್ತೇನೆ, ಡ್ರೈವರನ ತಪ್ಪೇನಿಲ್ಲ. ನಾನು ಮೊದಲು ಇಳಿದೆ. ನನ್ನ ಎರಡೂ ಕೈಯಲ್ಲಿ ಪೇರಲಹಣ್ಣಿನ ಚೀಲವಿತ್ತು. ಅಕ್ಕ ಬಾಗಿಲಿಗೆ ಬಂದಳು. ನಾನು ಚೀಲವನ್ನು ಒಂದು ಕೈಗೆ ಬದಲಾಯಿಸಲು ಹೊರಟೆ. ಅವಳು "ಕೈ ಬ್ಯಾಡ, ಹಣ್ಣು ಹಿಡಿ" ಅಂದಳು. ಎಡಗಾಲು ಕೆಳಗಿನ ಮೆಟ್ಟಿಲಿಗೆ ಬಂತು. ಬಲಗಾಲಿನ ಚಪ್ಪಲಿ ಮೇಲಿನ ಮೆಟ್ಟಿಲಿನ ತಗಡಿಗೆ ಸಿಕ್ಕಿತು. ಸರಳನ್ನು ಹಿಡಿಯಲು ಹೋದ ಅವಳ ಕೈ ನನಗೆ ಇನ್ನೂ ಕಾಣುತ್ತದೆ. ಬೆರಳುಗಳು ಬಿಚ್ಚಿದ್ದವು. ಸರಳಿಗೂ ಬೆರಳಿಗೂ ನಡುವೆ ಒಂದು ಗೇಣು ಜಾಗವಿತ್ತು.

ಬಿದ್ದವಳು ಮೊದಲು ಹೇಳಿದ ಮಾತು, "ತೊಡಿ ಎಲುಬು ಹೋಗ್ಯಾದ. ಯಾರೂ ಎತ್ತಬ್ಯಾಡ್ರಿ, ಹಲಗಿ ತರ್ರಿ." ಎರಡನೆಯ ಮಾತು ನನಗೆ: "ನಿಂತು ಏನ್ ನೋಡ್ಲತ್ತೀ? ಹಣ್ಣು ಆರಿಸು."

ಆಪರೇಷನ್ ಆಯಿತು. ಜನವಾಡದ ರಸ್ತೆಯ ಮಗಳ ಮನೆಯಲ್ಲಿ, ಕೆಳಗಿನ ಕೋಣೆಯಲ್ಲಿ ಅವಳನ್ನು ಇಟ್ಟರು. ನೋಡಲು ಬಂದವರೆಲ್ಲ "ಹ್ಯಾಂಗ ಆಯ್ತ್ರಿ?" ಎಂದು ಕೇಳುವರು. ನಾನು ಬಸ್ಸು ನಿಂತಲ್ಲಿಂದ ಶುರುಮಾಡುವೆ. ಒಂದು ದಿನ ಅಕ್ಕ ಹಾಸಿಗೆಯಿಂದಲೇ ಕೂಗಿದಳು:

"ನಾ ಬಿದ್ದೀನಿ ಒಂದ ಸಲರಿ. ಇಂವಾ ಬಂದವರ ಮುಂದ ದಿನಾ ಬೀಳಸ್ತಾನ."

ಆದರೆ ನನಗೆ ನಿಲ್ಲಿಸಲಾಗುತ್ತಿರಲಿಲ್ಲ. ಸರಿಯಾಗಿ ಹೇಳಿದರೆ, ಎಲ್ಲಿಯೂ ಒಂದು ಮೆಟ್ಟಿಲು ತಪ್ಪದಂತೆ ಹೇಳಿದರೆ, ಯಾವುದೋ ಒಂದು ಸಲ ಅವಳ ಬೆರಳು ಸರಳಿಗೆ ತಾಕಿಬಿಡಬಹುದೆಂದು ನನ್ನ ತಲೆ ಲೆಕ್ಕ ಹಾಕುತ್ತಿತ್ತೋ ಏನೋ.

ಎಲುಬು ಕೂಡಿತು, ಗಾಯ ಒಣಗಿತು. ಆದರೆ ಕಾಲು ಬಿಗಿಯತೊಡಗಿತು. ಎದೆಮಟ್ಟ ನೀರಿನಲ್ಲಿ ದಿನಾ ನಡೆಯಬೇಕು, ನೀರಿನಲ್ಲಿ ಮೈಯ ಭಾರ ಕಾಲಿನ ಮೇಲೆ ಬೀಳುವುದಿಲ್ಲ ಎಂದು ಡಾಕ್ಟರು ಹೇಳಿದರು. ತಡಮಾಡಿದರೆ ವಾಕರ್ ಖಾಯಂ ಆಗುತ್ತದೆ ಎಂದೂ ಹೇಳಿದರು. "ನೀರು ಮಾತ್ರ ಸ್ವಚ್ಛ ಇರಲಿ. ಪರೀಕ್ಷೆ ಮಾಡಿ ಇಳಿಸಿರಿ."

ಅಕ್ಕನಿಗೆ ಬೇಕಾದದ್ದು ಒಂದೇ. ಭಾಲ್ಕಿಯ ಮನೆಯ ಕಟ್ಟೆ ಹತ್ತುವಷ್ಟು ಕಾಲು. ಮಗಳು, "ಅತ್ತಿ, ಇಲ್ಲೇ ಇರು, ಏನ್ ಕಮ್ಮಿ ಆಗ್ಯಾದ?" ಎಂದಾಗ ಅವಳು ಹೇಳಿದಳು, "ಕಮ್ಮಿ ಆಗಿಲ್ಲವ್ವಾ, ಹೆಚ್ಚಾಗ್ಯಾದ. ಕೇಳೂದರಾಗ ಚಹಾ ಬರ್ತದ. ನನ್ನ ಚಹಾ ನಾ ಮಾಡ್ಕೊಂಡು ಎಷ್ಟ್ ದಿನಾ ಆಯ್ತು? ಕಟ್ಟಿ ಏರೂಹಂಗ ಆದ ದಿನಾ ನಾ ಹೋಗ್ತೇನಿ."

ಅನಿಲ ಕಪ್ಪೆಗಳನ್ನು ಓಡಿಸಿದ. ಕೊಳ ತಿಕ್ಕಿಸಿ, ಬೋರಿನ ನೀರು ತುಂಬಿಸಿ, ಬ್ಲೀಚಿಂಗ್ ಪೌಡರ್ ಹಾಕಿ, ಮೋಟರು ಹಚ್ಚಿ ಸೋಸಿದ. ಪರೀಕ್ಷೆಯ ಕೆಲಸ ನನಗೆ ಬಂತು. "ಮಾವಾರ, ಇದು ಬಣ್ಣದ ಆಟ ಅದರಿ. ನಿಮ್ಮಷ್ಟು ಬಣ್ಣ ಯಾರಿಗಿ ತಿಳೀತದ?" ಹೊಗಳಿಕೆಗೆ ಮರುಳಾಗುವ ವಯಸ್ಸು ದಾಟಿದೆ ಎಂದುಕೊಂಡಿದ್ದೆ. ಅದು ದಾಟುವ ವಯಸ್ಸಲ್ಲ.

ನೀರಿನ ಪರೀಕ್ಷೆ ನಮ್ಮ ಮನೆತನಕ್ಕೆ ಹೊಸದೇನೂ ಅಲ್ಲ. ನಮ್ಮ ಅವ್ವನ ಹತ್ತಿರ ಒಂದೇ ಔಷಧವಿತ್ತು, ತೊಗರಿಬೇಳೆ. ಹೊಸ ಬಾವಿಯ ನೀರಿನಲ್ಲಿ ಬೇಳೆ ಬೆಂದರೆ ಮೀಠಾ ನೀರು, ಬೇಯದಿದ್ದರೆ ಖಾರಾ ನೀರು. ಈ ಖಾರಾ ಎಂಬ ಮಾತು ನಮ್ಮ ಕಡೆಯದು. ನೀರು ಸವಳು, ಗಡಸು ಎಂದು ಅರ್ಥ. ಔರಾದಿಗೆ ಮೈಸೂರು ಕಡೆಯಿಂದ ವರ್ಗವಾಗಿ ಬಂದ ಗಣಿತದ ಮಾಸ್ತರೊಬ್ಬರಿಗೆ ಮನೆಯ ಮಾಲಕಿ ಮೊದಲ ದಿನವೇ, "ಬೋರಿನ ನೀರು ಕುಡೀಬ್ಯಾಡ್ರಿ, ಖಾರಾ ಅದಾವ" ಎಂದಿದ್ದಳು. ಅವರು ಮರುದಿನ ಸ್ಟಾಫ್ ರೂಮಿನಲ್ಲಿ ಕಳವಳದಿಂದ, "ಯಾರು ಸಾರ್ ಬೋರ್‌ವೆಲ್ಲಿಗೆ ಮೆಣಸಿನಕಾಯಿ ಹಾಕೋದು?" ಎಂದು ಕೇಳಿದರು. ಎರಡು ದಿನ ಯಾರೂ ಅವರಿಗೆ ನಿಜ ಹೇಳಲಿಲ್ಲ.

ಅಂಥ ಖಾರಾ ನೀರಿಗೆ ಬ್ಲೀಚಿಂಗ್ ಪೌಡರ್ ಬಿದ್ದರೆ ಅದು ಮತ್ತಷ್ಟು ಸುಣ್ಣದ ಕಡೆ ವಾಲುತ್ತದೆ. ಆಗ ಸ್ವಲ್ಪ ಆಸಿಡ್ ಹಾಕಿ ಹುಳಿಯ ಕಡೆ ಎಳೆಯಬೇಕು. ಹೆಚ್ಚು ಎಳೆದರೆ ಸೋಡಾ ಹಾಕಿ ಹಿಂದಕ್ಕೆ ತರಬೇಕು. ಸಾರಿನ ರುಚಿ ಕೂಡಿಸಿದಂತೆಯೇ. ಆದರೆ ನಾಲಿಗೆಯ ಬದಲು ಕಣ್ಣಿನಿಂದ ನೋಡಬೇಕು.

ಪರೀಕ್ಷೆಯ ಡಬ್ಬಿಯನ್ನು ಬೀದರಿನ ಒಂದು ಕೆಮಿಕಲ್ ಅಂಗಡಿಯಿಂದ ತಂದೆ. ಅಂಗೈಯಷ್ಟು ಡಬ್ಬಿ, ಒಳಗೆ ಎರಡು ಕಿರು ನಳಿಕೆ, ಎರಡು ಪುಟ್ಟ ಬಾಟಲಿ. ಒಂದು ನಳಿಕೆಯ ನೀರಿಗೆ ಒಂದು ಬಾಟಲಿಯ ಹನಿ ಹಾಕಿದರೆ ಹಳದಿ ಬರುತ್ತದೆ. ಹಳದಿ ತೀರ ತೆಳುವಾದರೆ ನೀರಿನಲ್ಲಿ ಕ್ರಿಮಿ ಕೊಲ್ಲುವ ಕ್ಲೋರಿನ್ ಸಾಲದು. ಇನ್ನೊಂದಕ್ಕೆ ಕೆಂಪು ಬಾಟಲಿಯ ಹನಿ. ಹಳದಿಗೆ ತಿರುಗಿದರೆ ನೀರು ಹುಳಿ, ಗುಲಾಬಿಯಾದರೆ ಸುಣ್ಣ, ನಡುವಿನ ಕೆಂಪು ಬಂದರೆ ಸರಿ. ಪಕ್ಕದಲ್ಲಿ ಹೋಲಿಸಲು ಬಣ್ಣದ ಚೌಕಗಳು. ಅಂಗಡಿಯವರು ಎಲ್ಲ ವಿವರಿಸಿ ಕೊನೆಗೆ ಹೇಳಿದರು:

"ಮಾಸ್ತರ್ ಸಾಬ್, ಒಂದ್ ಮಾತು ಧ್ಯಾನದಾಗ ಇಡ್ರಿ. ದಂಡಿ ನೀರು ತಗೋಬ್ಯಾಡ್ರಿ. ಒಂದ್ ಮೊಳ ಒಳಗಿನ ನೀರು ತಗೋರಿ."

ಈ ಮಾತನ್ನು ನಾನು ಮರೆಯಲಿಲ್ಲ. ಮರೆತಿದ್ದರೆ ಚೆನ್ನಾಗಿತ್ತು.

ಮನೆಗೆ ಬರುತ್ತ ಮೊಳದ ಬಗ್ಗೆಯೇ ಯೋಚಿಸಿದೆ. ಯಾರ ಮೊಳ? ಬೀದರಿನ ಚೌಬಾರಾ ಗೋಪುರದ ಹತ್ತಿರ ಮಲ್ಲಿಗೆ ಮಾರುತ್ತಿದ್ದ ಅಜ್ಜಿಯೊಬ್ಬಳ ತೋಳು ಬಹಳ ಗಿಡ್ಡ. ಕೊಳ್ಳಲು ಬಂದ ಹೆಂಗಸರು ತಮ್ಮ ತೋಳು ಚಾಚಿ, "ನನ್ನ ಕೈಲೆ ಅಳಿ" ಎನ್ನುವರು. ಅಜ್ಜಿ, "ಹೂವು ನಂದು, ಕೈ ನಿಂದ್ಯಾಕ?" ಎನ್ನುವಳು. ಕೊನೆಗೆ ನನ್ನ ಮೊಳವನ್ನೇ ಒಪ್ಪಿಕೊಂಡೆ. ಮೊಣಕೈಯಿಂದ ನಡುಬೆರಳಿನ ತುದಿಯವರೆಗೆ ಅಳೆದು, ನೆಲ ಒರೆಸುವ ಉದ್ದ ಕೋಲಿನ ಮೇಲೆ ಕೆಂಪು ಬಣ್ಣದಿಂದ ಒಂದು ಗೆರೆ ಎಳೆದೆ. ಕೋಲಿನ ತುದಿಗೆ ಮಗಳ ಅಡುಗೆಮನೆಯ ಸೌಟನ್ನು ಕಟ್ಟಿದೆ. ಕೊಳದಿಂದ ದೂರ ನಿಂತು ಕೋಲು ಚಾಚುವುದು, ಕೆಂಪು ಗೆರೆ ಅಂಚಿನ ಟೈಲಿಗೆ ನೇರವಾಗಿ ಬರುವಂತೆ ಹಿಡಿಯುವುದು. ಆಗ ಸೌಟು ಅಂಚಿನಿಂದ ಕರಾರುವಾಕ್ಕಾಗಿ ಒಂದು ಮೊಳ ಆಚೆಗೆ ಇರುತ್ತದೆ. ಅಲ್ಲಿಯ ನೀರನ್ನು ಮೆಲ್ಲಗೆ ತೋಡಿಕೊಳ್ಳುವುದು.

ದೂರ ಯಾಕೆ ನಿಲ್ಲಬೇಕು ಎಂದರೆ, ನನಗೆ ನೀರೆಂದರೆ ಭಯ. ಎಕಂಬಾದ ಹೊಲದ ಬಾವಿಯಲ್ಲಿ ಕಾಕಾ ನನ್ನ ಬೆನ್ನಿಗೆ ಬಾಯಿ ಮುಚ್ಚಿದ ಎಣ್ಣೆ ಡಬ್ಬಿ ಕಟ್ಟಿ ದೂಡಿದ್ದರು. ನಮ್ಮ ಮಾತಿನಲ್ಲಿ ಈಜುವುದಕ್ಕೆ 'ಈಸ ಬೀಳೂದು' ಎನ್ನುತ್ತಾರೆ. ನನಗೆ ಅದರಲ್ಲಿ ಬೀಳುವ ಭಾಗ ಮಾತ್ರ ಬಂತು. ಡಬ್ಬಿ ಮೇಲೆ ತೇಲಿತು, ನಾನು ಅದರ ಕೆಳಗೆ ಉಳಿದೆ. ಬಾವಿಯ ದಂಡೆಯಲ್ಲಿ ಅಕ್ಕ ಕೂತಿದ್ದಳು. ಹುಡುಗಿಯರು ಬಾವಿಗಿಳಿಯುವಂತಿರಲಿಲ್ಲ. ಆದ್ದರಿಂದ ಅವಳು ಮೇಲಿನಿಂದಲೇ, "ಕೈ ಬಡಿ! ಕಾಲ ಬಡಿ! ಬಾಯಿ ಮುಚ್ಚೋ ಮಂಗ್ಯಾ!" ಎಂದು ಕೂಗಿ ಊರಿನ ಹುಡುಗರಿಗೆಲ್ಲ ಈಜು ಕಲಿಸಿದಳು, ನನ್ನೊಬ್ಬನನ್ನು ಬಿಟ್ಟು. ತಾನು ಮಾತ್ರ ಒಂದು ದಿನವೂ ನೀರಿಗೆ ಇಳಿದವಳಲ್ಲ.

ಹೀಗೆ ತಿಂಡಿ ಮುಗಿಸಿ, ಬಿಸಿಲೇರಿದ ಮೇಲೆ, ದಿನವೂ ಸ್ಕೂಟರಿನಲ್ಲಿ ಮಗಳ ಮನೆಗೆ ಹೋಗಿ ಸೌಟಿನ ಸೇವೆ ಶುರುಮಾಡಿದೆ. ಅಕ್ಕ ಹಳೆಯ ಚೂಡಿದಾರ ಹಾಕಿಕೊಂಡು, ಎದುರಿಗೆ ವಾಕರ್ ನಿಲ್ಲಿಸಿಕೊಂಡು, ಕೊಳದ ಬದಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ತಯಾರಾಗಿ ಕೂತಿರುವಳು.

ಹಳದಿಯ ನಳಿಕೆ ಪ್ರತಿದಿನ ಸಪ್ಪೆ. ಹಳದಿ ಎಂದು ಕರೆಯಲೂ ಮನಸ್ಸು ಬಾರದಂಥ ಬಣ್ಣ. ಕೆಂಪಿನ ನಳಿಕೆಯ ಕಥೆಯೇ ಬೇರೆ. ಡಬ್ಬಿ ಮಾಡಿದವರು ಬೆರಳೆಣಿಕೆಯ ಚೌಕ ಕೊಟ್ಟಿದ್ದಾರೆ. ಜೀವನವಿಡೀ ಮಕ್ಕಳ ಬಣ್ಣ ತಿದ್ದಿದ ನನ್ನ ಕಣ್ಣಿಗೆ ಆ ಚೌಕಗಳ ನಡುವೆ ಇನ್ನೂ ಎಷ್ಟೋ ಕೆಂಪುಗಳು ಕಾಣುತ್ತಿದ್ದವು. ಇಟ್ಟಂಗಿಯ ಕೆಂಪು ಬೇರೆ, ನಮ್ಮ ಕೋಟೆ ಕಲ್ಲಿನ ಕೆಂಪು ಬೇರೆ, ಮಳೆ ಬಿದ್ದ ಮೇಲಿನ ಕೋಟೆ ಕಲ್ಲಿನದು ಮತ್ತೂ ಬೇರೆ.

"ಮಾವಾರ, ಸರಿ ಅದೇನ್ರಿ?" ಅನಿಲ ಗೋದಾಮಿಗೆ ಹೊರಟು ನಿಂತು ಕೇಳುವನು.

"ನಡುವ ಅದ."

"ಯಾವುದರ ನಡುವರಿ?"

"ಮೂರನೇದಕ್ಕೂ ನಾಕನೇದಕ್ಕೂ. ಆದ್ರ ನಾಕನೇದರ ಕಡಿ ಜರಾ ವಾಲ್ಯಾದ."

"ಆಸಿಡ್ ಹಾಕ್ಲೇನ್ರಿ?"

"ಜರಾ ಹಾಕು."

"ಜರಾ ಅಂದ್ರ ಎಷ್ಟರಿ?"

"ನಿನ್ನಿಗಿಂತ ಜರಾ ಕಮ್ಮಿ."

ಅನಿಲ ಬಕೆಟ್ಟಿನ ನೀರಿಗೆ ಮೆಲ್ಲಗೆ ಆಸಿಡ್ ಸುರಿಯುವನು. ನೀರಿಗೆ ಆಸಿಡ್ ಹಾಕಬೇಕೇ ಹೊರತು ಆಸಿಡ್‌ಗೆ ನೀರು ಹಾಕಬಾರದೆಂದು ಅಕ್ಕ ಕುರ್ಚಿಯಿಂದ ಕೂಗುವಳು. ಬ್ಲೀಚಿಂಗ್ ಪೌಡರಿನ ಹತ್ತಿರ ಅದನ್ನು ತರಬೇಡವೆಂದೂ ಕೂಗುವಳು. ಬಾವಿಯ ದಂಡೆಯ ಹಳೆಯ ದನಿಯೇ. ಆಮೇಲೆ ನನ್ನ ಕಡೆ ಕೈ ತೋರಿಸಿ ಅವನಿಗೆ ಹೇಳುವಳು:

"ಅಳಿಯಾ, ಇಂವಾ ನೀರಿಗಿ ಹೋಮಿಯೋಪತಿ ಮಾಡ್ಲತ್ಯಾನ."

ಸಂಜೆ ಅನಿಲ ಬ್ಲೀಚಿಂಗ್ ಪೌಡರ್ ಹಾಕುವನು. ಮರುದಿನ ಬೆಳಿಗ್ಗೆ ಹಳದಿ ಮತ್ತೆ ಸಪ್ಪೆ. ನಾನು ತಲೆಯಾಡಿಸಿ, "ಅಕ್ಕಾ, ಇವತ್ತ ಬ್ಯಾಡ" ಎನ್ನುವೆ. "ನಾಳಿಗಿ?" ಎನ್ನುವಳು. "ನಾಳಿಗಿ ನೋಡಮು." ಅವಳು ಎದ್ದು ವಾಕರ್ ಹಿಡಿದು ಒಳಗೆ ಹೋಗುವಳು.

ಹಾಗೆ ಹೋಗುವುದನ್ನೂ ನಾನು ನೋಡುತ್ತಿದ್ದೆ. ನೋಡುವುದು ನನ್ನ ಚಟ. ಮೊದಲು ಅವಳು ಕುರ್ಚಿಯಿಂದ ತಾನೇ ಏಳುತ್ತಿದ್ದಳು. ಆಮೇಲೆ ಕುರ್ಚಿಯ ಕೈಗಳನ್ನು ಒತ್ತಿ ಹಿಡಿದು ಎದ್ದಳು. ಒಂದು ದಿನ ಎರಡು ಸಲ ಪ್ರಯತ್ನಿಸಿ, ನನ್ನ ಕಡೆ ನೋಡದೆ, "ಸುನೀತಾ, ಬಾ ಇಲ್ಲಿ" ಎಂದು ನನ್ನ ಮಗಳನ್ನು ಕರೆದಳು. ಭಾಲ್ಕಿಯ ಕಟ್ಟೆ ಆ ಕುರ್ಚಿಗಿಂತ ಎತ್ತರ. ಇಬ್ಬರಿಗೂ ಅದು ಗೊತ್ತಿತ್ತು. ನಾನು ಇನ್ನಷ್ಟು ಎಚ್ಚರಿಕೆಯಿಂದ ನೀರು ತೋಡತೊಡಗಿದೆ.

ಆ ದಿನ ಅನಿಲ ಬೇಗ ಗೋದಾಮಿಗೆ ಹೋಗಿದ್ದ. ಸುನೀತಾ ಮಹಡಿಯ ಮೇಲೆ ಬಟ್ಟೆ ಹರವುತ್ತಿದ್ದಳು. ನಾನು ಸೌಟಿನ ನೀರನ್ನು ನಳಿಕೆಗೆ ಸುರಿದು, ಹನಿ ಹಾಕಿ, ಆಕಾಶದ ಕಡೆ ಹಿಡಿದು, ಮೂರನೆಯ ಕೆಂಪೋ ನಾಲ್ಕನೆಯದೋ ಎಂದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದೆ. ಹಿಂದೆ ಪ್ಲಾಸ್ಟಿಕ್ ಕುರ್ಚಿ ಕಿರುಗುಟ್ಟಿತು. ವಾಕರ್ ಟೈಲಿಗೆ ತಾಕಿದ ಸದ್ದು ಬಂತು. ಒಳಗೆ ಹೋಗುತ್ತಿದ್ದಾಳೆ ಎಂದುಕೊಂಡೆ. ಆಮೇಲೆ ನೀರಿನ ಸದ್ದು.

ತಿರುಗಿದೆ. ಅಕ್ಕ ಕೊಳದ ಮೆಟ್ಟಿಲಿನ ಮೇಲಿದ್ದಳು. ವಾಕರ್ ಅಂಚಿನಲ್ಲಿ ಒಂಟಿಯಾಗಿ ನಿಂತಿತ್ತು. ಅವಳ ಬಲಗೈ ಸ್ಟೀಲಿನ ಸರಳಿನ ಮೇಲಿತ್ತು. ಎಡಗಾಲು ನೀರೊಳಗೆ, ಬಲಗಾಲು ಇನ್ನೂ ಮೇಲೆ. ನನ್ನ ಎರಡೂ ಕೈ ಮತ್ತೆ ತುಂಬಿದ್ದವು, ಒಂದರಲ್ಲಿ ಡಬ್ಬಿ, ಒಂದರಲ್ಲಿ ಕೋಲು. ಬಲಗಾಲು ಇಳಿಯಿತು. ಬೆರಳು ಸರಳು ಬಿಡಲಿಲ್ಲ. ಮತ್ತೊಂದು ಮೆಟ್ಟಿಲು. ಚೂಡಿದಾರ ಗಾಳಿ ತುಂಬಿಕೊಂಡು ಛತ್ರಿಯಂತೆ ಅರಳಿತು. ಅವಳು ಅದನ್ನು ಎಡಗೈಯಿಂದ ಅದುಮಿದಳು. ಎದೆಮಟ್ಟ ನೀರಿನಲ್ಲಿ ನಿಂತು, ಉಸಿರು ಬಿಟ್ಟು, ಮೊದಲು ಹೇಳಿದ ಮಾತು:

"ತಂಪದಾವ."

"ಅಕ್ಕಾ! ಇನ್ನಾ ಸರಿ ಆಗಿಲ್ಲ! ಹಳದಿ ಬಂದಿಲ್ಲ!"

"ನಿನಗ ಹಳದಿ ಬರೂತನಕ ನನಗ ಬಿಳಿ ಬಟ್ಟಿ ಹೊದಸ್ತಾರ. ನೀರು ಎಲ್ಲಿಂದ ತಗೋತಿ, ಅದನ್ನ ತೋರಸು."

ಕೋಲು ಚಾಚಿ ತೋರಿಸಿದೆ. ಕೆಂಪು ಗೆರೆಯನ್ನು ಅಂಚಿಗೆ ಸರಿಯಾಗಿ ಹಿಡಿದೆ. ಅಂಥ ಹೊತ್ತಿನಲ್ಲೂ ಗೆರೆ ತಪ್ಪಲಿಲ್ಲ, ಅದನ್ನು ಹೇಳಿಕೊಳ್ಳಲೇಬೇಕು.

"ಅಂಗಡಿಯಾಂವ ಹೇಳ್ಯಾನ. ಒಂದ್ ಮೊಳ ಒಳಗಿಂದು."

ಅಕ್ಕ ಸೌಟನ್ನು ನೋಡಿದಳು. ಗೆರೆಯನ್ನು ನೋಡಿದಳು. ನೀರಿನ ಮೇಲೆ ತೇಲುತ್ತಿದ್ದ ಬೇವಿನೆಲೆಗಳ ನಡುವೆ ಸೌಟು ಮುಳುಗಿಯೂ ಮುಳುಗದಂತೆ ನಿಂತಿದ್ದುದನ್ನು ನೋಡಿದಳು. ಆಮೇಲೆ ನಗತೊಡಗಿದಳು. ಅವಳ ಸುತ್ತಲಿನ ನೀರೂ ಕುಲುಕಿತು.

"ತಮ್ಮಾ, ಕೊಡಾ ಬಾವಿ ಒಳಗ ಬಿತ್ತು ಅಂದ್ರ, ದಂಡಿ ಬಿಟ್ಟು ಒಂದ್ ಮೊಳ ಆಚಿಗಿ ಬಿತ್ತು ಅಂತಾರೇನೋ?"

ನಾನು ಕೆಂಪು ಗೆರೆಯನ್ನು ಮತ್ತೊಮ್ಮೆ ನೋಡಿದೆ.

"ಒಳಗ ಅಂದ್ರ ಕೆಳಗಪಾ, ಕೆಳಗ! ಮೊಣಕೈ ಮುಳಗೂತನ. ಮ್ಯಾಲಿನ ನೀರಾಗಿನ ಔಷಧ ಬಿಸಿಲು ತಿಂದು ಕುಂತಿರ್ತದ. ನೀ ಕೆನಿ ನೆಕ್ಕಿ ಹಾಲಿನ ಲೆಕ್ಕಾ ಹೇಳ್ಲತ್ತೀ. ತಾ ಆ ನಳಿಗಿ."

ಚಾಚಿದೆ. ಎಟುಕಲಿಲ್ಲ. ಸೌಟಿನಲ್ಲಿಟ್ಟು ಕೊಡಲೇ ಎಂದು ಕೇಳಿದೆ. ಆಗ ಅವಳು ನಗು ನಿಲ್ಲಿಸಿದಳು.

"ನಂದೊಂದು ಕೈ ಸರಳು ಹಿಡದದ. ಬಿಡಲ್ಯಾ?"

"ಬ್ಯಾಡ!"

"ಹಂಗಾರ ನೀ ಬಾ."

ಇಳಿದೆ. ಹೇಗೆ ಇಳಿದೆನೆಂದು ಹೇಳಲು ಬರುವುದಿಲ್ಲ. ಬೇರೆಯವರ ಕಾಲು ಎಲ್ಲಿ ಬಿತ್ತೆಂದು ನೋಡಿಟ್ಟುಕೊಳ್ಳುವ ನನಗೆ ನನ್ನ ಕಾಲಿನ ನೆನಪಿಲ್ಲ. ಚಪ್ಪಲಿಯ ಸಮೇತ ಇಳಿದೆನೆಂದು ಆಮೇಲೆ ಸುನೀತಾ ಹೇಳಿದಳು. ನೀರು ಮೊಣಕಾಲಿಗೆ ಬಂದಾಗ ಎಕಂಬಾದ ಬಾವಿಯ ತಗಡಿನ ಡಬ್ಬಿಯ ವಾಸನೆ ಮೂಗಿಗೆ ಬಂದದ್ದು ಮಾತ್ರ ನೆನಪಿದೆ. "ಬಾಯಿ ಮುಚ್ಚು, ಉಸಿರು ಮೂಗಿಲೆ ತಗೋ" ಎಂದು ಅಕ್ಕ ಹೇಳುತ್ತಿದ್ದಳು. ಈ ಸಲ ಮೇಲಿನಿಂದ ಕೂಗುತ್ತಿರಲಿಲ್ಲ. ಪಕ್ಕದಲ್ಲೇ ನಿಂತು ಮೆಲ್ಲಗೆ ಹೇಳುತ್ತಿದ್ದಳು.

ನಳಿಕೆಯ ಬಾಯಿಯನ್ನು ಕೆಳಗೆ ಮಾಡಿ ಹಿಡಿದು ಮೊಣಕೈಯವರೆಗೆ ಕೈ ಮುಳುಗಿಸಿದೆ. ಒಂದು ಮೊಳ. ಅಲ್ಲಿ ತಿರುಗಿಸಿದೆ. ನೀರು ಬುಳುಕ್ ಎಂದು ಒಳಗೆ ಹೋಯಿತು. ಮೆಟ್ಟಿಲಿನ ಮೇಲೆ ಡಬ್ಬಿ ಇಟ್ಟು ಹನಿ ಹಾಕಿದೆ. ಕೆಂಪು ಬಾಟಲಿಯ ಮುಚ್ಚಳ ಸರಿಯಾಗಿ ಹಾಕದೆ ಜೇಬಿಗೆ ಇಳಿಸಿಬಿಟ್ಟೆ. ಇಸ್ತ್ರಿ ಅಂಗಡಿಯವನಿಗೆ ಹೇಳಬೇಕಿದ್ದದ್ದು ಇಷ್ಟೇ.

ಹಳದಿ ಬಂತು. ಹೌದು ಅದು ಹಳದಿ, ಹುಣ್ಣಿಮೆಯ ಚಂದ್ರ ಮೂಡುವಾಗ ಇರುವಂಥದು. ಡಬ್ಬಿಯ ನಡುಚೌಕಕ್ಕೆ ಸರಿಯಾಗಿ ಕೂತಿತು. ಕೆಂಪನ್ನೂ ನೋಡಿದೆ. ಅದು ಮೂರನೆಯ ಕೆಂಪೇ ಆಗಿತ್ತು. ಆ ಕಡೆ ಈ ಕಡೆ ವಾಲಿತ್ತೋ ಏನೋ, ನೀರಿನಲ್ಲಿ ನಿಂತು ಅಷ್ಟು ಸೂಕ್ಷ್ಮ ನೋಡಲು ಆಗಲಿಲ್ಲ.

"ಸರಿ ಅದ," ಎಂದೆ.

ತಲೆ ಎತ್ತಿದರೆ ಅಕ್ಕ ಆಗಲೇ ಅಂಚಿನ ಟೈಲು ಹಿಡಿದು ದೂರ ಹೋಗಿದ್ದಳು. ನೀರನ್ನು ತಳ್ಳಿಕೊಂಡು ನಿಧಾನವಾಗಿ ನಡೆಯುತ್ತಿದ್ದಳು. ವಾರ್ಡಿನಲ್ಲಿ ಒಂದೊಂದು ಹಾಸಿಗೆ ನೋಡಿಕೊಂಡು ಹೋಗುತ್ತಿದ್ದ ಹಳೆಯ ನಡಿಗೆ ಅದು. ಆ ಕೊನೆ ಮುಟ್ಟಿ, ತಿರುಗದೆಯೇ ಕೂಗಿದಳು: "ಭಾಲ್ಕಿಗಿ ಮುಂಜಾನಿ ಬಸ್ ಈಗ ಎಷ್ಟಕ್ಕದ ಕೇಳಿ ಇಡು!"

ಆಮೇಲೆ ಬೇಸಿಗೆಯೆಲ್ಲ ನಡೆದಳು. ನಾನು ಮೊಣಕೈ ಮುಳುಗಿಸಿ ನೀರು ತೆಗೆದೆ. ಡಬ್ಬಿಯ ಚೌಕಗಳಷ್ಟೇ ಕೆಂಪು ಜಗತ್ತಿನಲ್ಲಿವೆ ಎಂದು ಒಪ್ಪಿಕೊಂಡೆ, ಅದೂ ಬೆಳಗಿನ ಹೊತ್ತು ಮಾತ್ರ. ಮೊಮ್ಮಕ್ಕಳು ಮತ್ತೆ ನೀರಿಗೆ ಬಂದರು. ಅವರಿಗೆ ಅಕ್ಕ, ಇನ್ನೂ ಈಜು ಬಾರದ ಅಕ್ಕ, ಎದೆಮಟ್ಟ ನೀರಿನಲ್ಲಿ ನಿಂತು "ಕೈ ಬಡಿ, ಕಾಲ ಬಡಿ" ಎಂದು ಕಲಿಸಿದಳು. ಕೊನೆಕೊನೆಗೆ ವಾಕರಿನ ಮೇಲೆ ಸುನೀತಾ ಟವೆಲ್ ಒಣಗಿಸುತ್ತಿದ್ದಳು.

ಹೋದ ವಾರ ಅವಳನ್ನು ಭಾಲ್ಕಿಗೆ ಬಿಟ್ಟುಬಂದೆ. ಅನಿಲ ಕಾರಿನಲ್ಲಿ ಬಿಡುತ್ತೇನೆಂದ. ಅಕ್ಕ ಬಸ್ಸೇ ಆಗಬೇಕೆಂದಳು. ಪೇರಲಹಣ್ಣು ತೆಗೆದುಕೊಂಡಿದ್ದೆವು. ಚೀಲವನ್ನು ಈ ಸಲ ನಾನು ಹೆಗಲಿಗೆ ಹಾಕಿಕೊಂಡಿದ್ದೆ.

ಬಸ್ಸು ನಿಲ್ದಾಣದಲ್ಲಿ ನಿಂತಿತು. ನಾನು ಮೊದಲು ಇಳಿದೆ. ಅಕ್ಕ ಬಾಗಿಲಿಗೆ ಬಂದಳು. ನಾನು ಕೈ ಚಾಚಲಿಲ್ಲ, ಕೈ ಖಾಲಿ ಇಟ್ಟುಕೊಂಡು ನಿಂತೆ, ಅಷ್ಟೆ. ಅವಳ ಬಲಗೈ ಸರಳನ್ನು ಹಿಡಿಯಿತು. ಎಡಗಾಲು ಕೆಳಗಿನ ಮೆಟ್ಟಿಲಿಗೆ ಬಂತು. ಬಲಗಾಲಿನ ಚಪ್ಪಲಿ ತಗಡನ್ನು ದಾಟಿತು. ಕಂಡಕ್ಟರ್ ಅವಸರ ಮಾಡಿದ, ಅವಳು ಮಾಡಲಿಲ್ಲ. ಆಮೇಲೆ ನೆಲ. ಅರ್ಧ ಗಂಟೆಯ ಮೇಲೆ, ತನ್ನ ಮನೆಯ ಕಟ್ಟೆ ಹತ್ತಿ, ಒಳಗೆ ಹೋಗಿ, ಸ್ಟೋವ್ ಹಚ್ಚಿ, ಒಬ್ಬಳ ಅಳತೆಗೆ ಚಹಾ ಇಟ್ಟಳು. ನೆನಪಾಗಿ ಇನ್ನೊಂದು ಕಪ್ ನೀರು ಹಾಕಿದಳು.

ಬೀದರಿಗೆ ಬಂದು ಯಾರಾದರೂ ಕೇಳಲೆಂದು ಕಾದೆ. "ಊರು ಮುಟ್ಟಿದಳೇನು?" ಎಂದರು. "ಮುಟ್ಟಿದಳು" ಎಂದೆ. ಹೇಗಾಯಿತೆಂದು ಯಾರೂ ಕೇಳಲಿಲ್ಲ. ಬಿದ್ದರೆ ಮಾತ್ರ ಜನ ಅದನ್ನು ಕೇಳುತ್ತಾರೆ. ಆದರೆ ಇದಕ್ಕೂ ನಾನೊಬ್ಬನೇ ಸಾಕ್ಷಿ. ಎಡಗಾಲು, ಬಲಗಾಲು, ನೆಲ. ಅಕ್ಕ ಇಳಿದಳು.